ಪೀಠ ಕತ್ತರಿಸದ ಫೋಟೋ

ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಅದರ ಹೆಸರಾಂತ ದೊಡ್ಡ ವಿಗ್ರಹಗಳ ಸಾಲು ಇರುವುದು ಬೆನ್ನಿನ ಕಡೆ, ಪಡುವಣ ಗೋಡೆಯಲ್ಲಿ. ಹಾಗಾಗಿ ಫೋಟೋ ತೆಗೆಯುವವರಿಗೆ ಹೊತ್ತು ಇಳಿಯತೊಡಗಿದ ಮೇಲಿನ ಬಿಸಿಲೇ ಪ್ರಶಸ್ತ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುವ ದಿನಗಳಲ್ಲಿ ಆ ಹೊತ್ತಿಗೆ ಗುಡಿ ನಿಂತಿರುವ ಎತ್ತರದ ಜಗತಿಯ ಮೇಲೆ ಕಾಲಿಡಲು ಜಾಗ ಸಿಗುವುದಿಲ್ಲ. ಅಲ್ಲಿ ಸುಮ್ಮನೆ ಒಂದು ಮೂಲೆಯಲ್ಲಿ ನಿಂತು ಜನ ಏನೇನು ಕ್ಲಿಕ್ಕಿಸುತ್ತಾರೆ ಎಂದು ಗಮನಿಸಿದರೆ ಒಂದು ಸಂಗತಿ ಬೇಗ ಎದ್ದು ಕಾಣುತ್ತದೆ. ಗೋಡೆಯ ಉದ್ದಕ್ಕೂ ನೂರಾರು ವಿಗ್ರಹಗಳಿದ್ದರೂ ಕ್ಯಾಮೆರಾಗಳು ತಿರುಗುವುದು ಕೆಲವೇ ಕೆಲವು ಕಡೆ: ಕೈಲಾಸವನ್ನೆತ್ತಿದ ರಾವಣ, ಗೋವರ್ಧನಧಾರಿ ಕೃಷ್ಣ, ಗಜಾಸುರನ ತಲೆಯ ಮೇಲೆ ಕುಣಿಯುವ ಶಿವ, ನೃತ್ಯಗಣಪತಿ. ಗೈಡುಗಳು ನಿಲ್ಲಿಸುವುದೂ ಅಲ್ಲೇ. ಪ್ರತಿ ಫೋಟೋದ ಚೌಕಟ್ಟೂ ಹೆಚ್ಚುಕಡಿಮೆ ಒಂದೇ: ಮಂಡಿಯಿಂದ ಕಿರೀಟದವರೆಗೆ. ವಿಗ್ರಹದ ಪೀಠ ಹೊರಗೆ, ಮೇಲಿನ ಬಳ್ಳಿಯ ತೋರಣ ಅರ್ಧ ಹೊರಗೆ, ಪಕ್ಕದ ವಿಗ್ರಹ ಪೂರ್ತಿ ಹೊರಗೆ.

ಪ್ರವಾಸಿಗರು ಫೋಟೋ ತೆಗೆಯುವುದರ ಬಗ್ಗೆ ನನಗೆ ತಕರಾರಿಲ್ಲ. ಕ್ಯಾಮೆರಾ ಬದಿಗಿಟ್ಟು ಕಣ್ತುಂಬ ನೋಡಿ ಎಂಬ ಬುದ್ಧಿಮಾತನ್ನು ನಾನು ಹೇಳಲಾರೆ. ದೂರದೂರಿಂದ ಬಂದವರು, ಅದೇ ದಿನ ಬೇಲೂರನ್ನೂ ನೋಡಿ ಹಾಸನಕ್ಕೋ ಅರಸೀಕೆರೆಗೋ ಹೋಗಿ ರೈಲು ಹಿಡಿಯಬೇಕಾದವರು, ಕಂಡದ್ದನ್ನು ಜತೆಗೆ ಒಯ್ಯಲು ಬಯಸುವುದು ಸಹಜ, ಒಳ್ಳೆಯದು ಕೂಡ. ನನ್ನ ವಾದ ಬೇರೆ. ನಾವು ಕಟ್ಟಡವನ್ನು ಬಿಟ್ಟು ಮೂರ್ತಿಗಳನ್ನಷ್ಟೇ ತೆಗೆಯುತ್ತಿದ್ದೇವೆ. ಮೂರ್ತಿಗಳನ್ನೂ ಅವು ಇರುವ ಜಾಗದಿಂದ ಬಿಡಿಸಿ ತೆಗೆಯುತ್ತಿದ್ದೇವೆ. ಇದರಿಂದ ಹೊಯ್ಸಳರ ಕಟ್ಟಡ ಕಲೆಯ ಬಗ್ಗೆ ನಮ್ಮ ತಿಳಿವಳಿಕೆಯೇ ಓರೆಯಾಗಿದೆ, ಮತ್ತು ನಾಳೆ ಈ ಗುಡಿಗಳಿಗೆ ಏನಾದರೂ ಆದರೆ ನೆರವಿಗೆ ಬರಬಹುದಾಗಿದ್ದ ದಾಖಲೆಯೊಂದು ನಮ್ಮ ಕೈಯಲ್ಲೇ ಇದ್ದೂ ಇಲ್ಲದಂತಾಗಿದೆ.

ಗುಡಿಯ ರಚನೆಯನ್ನೇ ನೋಡಿ. 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಅವನ ಅಧಿಕಾರಿ ಕೇತಮಲ್ಲ ಕಟ್ಟಿಸಲು ತೊಡಗಿದ ಜೋಡಿ ದೇವಾಲಯ ಇದು. ಒಂದು ಹೊಯ್ಸಳೇಶ್ವರನಿಗೆ, ಇನ್ನೊಂದು ಶಾಂತಲೇಶ್ವರನಿಗೆ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳು: ಎಲ್ಲಕ್ಕಿಂತ ಕೆಳಗೆ ಆನೆಗಳು, ಅವುಗಳ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಆಮೇಲೆ ಮಕರ, ಹಂಸ. ಇಷ್ಟು ಮುಗಿದ ಮೇಲೆ ದೊಡ್ಡ ದೇವತಾಮೂರ್ತಿಗಳು. ಆನೆಯಿಂದ ಹಂಸದವರೆಗಿನ ಈ ಪಟ್ಟಿಗಳು ಅಡ್ಡಡ್ಡ ಓಡುತ್ತವೆ. ಗೋಡೆ ಮಾತ್ರ ನೇರವಾಗಿ ಓಡುವುದಿಲ್ಲ. ಗರ್ಭಗುಡಿಗಳ ಸುತ್ತ ಅದು ನಕ್ಷತ್ರದ ಹಾಗೆ ಕೋನ ಕೋನವಾಗಿ ಮುಂದೆ ಚಾಚಿ ಹಿಂದೆ ಸರಿಯುತ್ತದೆ. ಆ ಕೋನಗಳನ್ನೇ ಹಿಂಬಾಲಿಸಿ ಸುತ್ತಲೂ ಅಗಲವಾದ ಜಗತಿ ಇದೆ. ಹೊಯ್ಸಳರ ಕಾಲದ ಬಹುಪಾಲು ಗುಡಿಗಳಲ್ಲಿ ಒಳಗೆ ಪ್ರದಕ್ಷಿಣಾಪಥ ಇರುವುದಿಲ್ಲ. ಸುತ್ತು ಬರುವ ದಾರಿ ಹೊರಗಿನ ಜಗತಿಯೇ. ಅಂದರೆ ಈ ಗೋಡೆ ನಡೆಯುವವನಿಗಾಗಿ ಕಟ್ಟಿದ್ದು. ಒಂದು ಹೆಜ್ಜೆ ಇಟ್ಟರೆ ಒಂದು ಮುಖ ಮರೆಯಾಗಿ ಇನ್ನೊಂದು ತೆರೆದುಕೊಳ್ಳುತ್ತದೆ.

ಕಥೆಯ ಪಟ್ಟಿಯಲ್ಲಿ ಚಕ್ರವ್ಯೂಹದ ಫಲಕ ಬರುತ್ತದೆ. ಸುರುಳಿ ಸುತ್ತಿದ ವ್ಯೂಹ, ಅದರೊಳಗೆ ಸಿಕ್ಕಿಬಿದ್ದ ಅಭಿಮನ್ಯು. ಬಹಳ ಜಾಣ್ಮೆಯ ಕೆತ್ತನೆ. ಮೊಬೈಲಿನಿಂದ ಮೊಬೈಲಿಗೆ ಅದು ಹರಿದಾಡುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಫಲಕವನ್ನು ಮಾತ್ರ ಕತ್ತರಿಸಿ ತೆಗೆದಾಗ ಉಳಿಯುವುದು ಒಂದು ಸೊಗಸಾದ ವಿನ್ಯಾಸ. ಅದರ ಆಚೀಚೆ ಯುದ್ಧ ನಡೆದೇ ಇದೆ: ರಥಗಳು ಎದುರುಬದುರಾಗಿವೆ, ಬಿಲ್ಲುಗಳು ಬಾಗಿವೆ, ಭೀಷ್ಮ ಶರಶಯ್ಯೆಯಲ್ಲಿ ಮಲಗಿದ್ದಾನೆ. ಆ ಗದ್ದಲವನ್ನೆಲ್ಲ ದಾಟಿಕೊಂಡು ಬಂದ ಕಣ್ಣಿಗೆ ಸುರುಳಿಯೊಳಗಿನ ಹುಡುಗ ಒಂಟಿಯಾಗಿ ಕಾಣುತ್ತಾನೆ. ಶಿಲ್ಪಿ ಆ ಒಂಟಿತನವನ್ನು ಫಲಕದೊಳಗಷ್ಟೇ ಕೆತ್ತಿಲ್ಲ, ಅಲ್ಲಿಗೆ ಬರುವ ದಾರಿಯಲ್ಲಿ ಕೆತ್ತಿದ್ದಾನೆ. ಎಡಕ್ಕೆರಡು, ಬಲಕ್ಕೆರಡು ಫಲಕ ಸೇರಿಸಿ ತೆಗೆದ ಫೋಟೋ ನೋಡಲು ಅಷ್ಟೇನೂ ಅಂದವಾಗಿರಲಿಕ್ಕಿಲ್ಲ. ಆದರೂ ಅದು ಹೆಚ್ಚು ನಿಜವಾದ ಫೋಟೋ.

ಮೂರ್ತಿಯನ್ನು ಬಿಡಿಸಿ ನೋಡುವ ಈ ಚಾಳಿ ಕ್ಯಾಮೆರಾದ ಹುಟ್ಟುಗುಣ ಎಂದು ಕೆಲವರು ಹೇಳಬಹುದು. ಹಳೇಬೀಡಿನ ಫೋಟೋಗಳ ಚರಿತ್ರೆ ಹಾಗೆ ಹೇಳುವುದಿಲ್ಲ. ಕರ್ನಾಟಕದ ಕಟ್ಟಡಗಳ ಪೈಕಿ ಬಹಳ ಮೊದಲೇ ಕ್ಯಾಮೆರಾದ ಮುಂದೆ ನಿಂತವುಗಳಲ್ಲಿ ಈ ಗುಡಿಯೂ ಒಂದು. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಅಧಿಕಾರಿ ತನ್ನ ಭಾರಿ ಕ್ಯಾಮೆರಾ ಹೊತ್ತು ಹಳೇಬೀಡು, ಬೇಲೂರಿಗೆ ಬಂದ. ಗಾಜಿನ ಬದಲು ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸುತ್ತಿದ್ದವನು ಅವನು. 1855ರ ಮದರಾಸಿನ ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳನ್ನು ಇಟ್ಟಾಗ ತೀರ್ಪುಗಾರರು ಬಹಳ ಮೆಚ್ಚಿಕೊಂಡರು. ಟ್ರೈಪ್ ಹಳೇಬೀಡಿಗೆ ಬರುವುದಕ್ಕೂ ಮೂರು ವರ್ಷ ಹಿಂದೆ, 1851ರಲ್ಲಿ, ಫ್ರಾನ್ಸಿನ ಸ್ಮಾರಕ ಆಯೋಗ ಐವರು ಛಾಯಾಗ್ರಾಹಕರನ್ನು ತನ್ನ ನಾಡಿನ ಹಳೆಯ ಚರ್ಚುಗಳು, ಕೋಟೆಗಳ ಚಿತ್ರ ತರಲು ಕಳಿಸಿತ್ತು. ದುರಸ್ತಿಗೆ ಕೈಹಾಕುವ ಮುನ್ನ ಕಟ್ಟಡ ಹೇಗಿತ್ತು ಎಂಬುದು ದಾಖಲಾಗಲಿ ಎಂಬುದು ಅದರ ಉದ್ದೇಶ. ಫೋಟೋ ಎಂಬ ವಿದ್ಯೆಗೆ ಆಗಿನ್ನೂ ಎಳೆ ವಯಸ್ಸು. ಆ ವಯಸ್ಸಿನಲ್ಲೇ ಅದಕ್ಕೂ ಹಳೆಯ ಕಟ್ಟಡಗಳಿಗೂ ನಂಟು ಬೆಳೆದಿತ್ತು, ಮತ್ತು ಆ ನಂಟಿನ ಮೊದಲ ಸಾಲಿನಲ್ಲೇ ನಮ್ಮ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಇತ್ತು.

ಟ್ರೈಪ್‌ನ ಬೆನ್ನಿಗೇ ರಿಚರ್ಡ್ ಬ್ಯಾನರ್ ಓಕ್ಲಿ ಬಂದ. 1859ರಲ್ಲಿ ಅವನು ಲಂಡನ್ನಿನಲ್ಲಿ ಹಳೇಬೀಡಿನ ಗುಡಿಯ ಬಗ್ಗೆ ಒಂದು ಪುಸ್ತಕ ಹೊರತಂದ. ಅದರಲ್ಲಿ 56 ಫೋಟೋಗಳು. ಒಂದೇ ಊರಿಗೆ 56 ಚಿತ್ರ! ಒಂದೊಂದು ನೆಗೆಟಿವಿಗೂ ರಾಸಾಯನಿಕ, ಕತ್ತಲೆ ಡೇರೆ, ಕಾಯುವಿಕೆ ಬೇಕಿದ್ದ ಕಾಲದಲ್ಲಿ ಗೋಡೆಯನ್ನು ತುಂಡುತುಂಡಾಗಿ ಹಿಡಿಯುತ್ತ ಹೋಗುವ ತಾಳ್ಮೆ ಅದು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕಕ್ಕೆ ಪಿಗೋ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಫೋಟೋಗಳೇ ಜೀವಾಳ. ಇವರಲ್ಲಿ ಹಲವರು ಸೈನ್ಯದವರು, ವಸಾಹತು ಆಡಳಿತದ ಚಾಕರಿಯಲ್ಲಿದ್ದವರು. ನಾಡನ್ನು ಅಳೆದು, ವಿಂಗಡಿಸಿ, ಕೈಯಳತೆಯಲ್ಲಿ ಇಟ್ಟುಕೊಳ್ಳುವ ದೊಡ್ಡ ಕೆಲಸದ ಒಂದು ಭಾಗವಾಗಿ ಈ ಚಿತ್ರಗಳು ಹುಟ್ಟಿದವು ಎಂಬುದನ್ನು ಮರೆಯಬಾರದು. ಆದರೂ ಅವರ ಚಿತ್ರಗಳಲ್ಲಿ ಒಂದು ಗುಣವಿದೆ: ಗೋಡೆ ಗೋಡೆಯಾಗಿಯೇ ಇದೆ. ಮುರಿದ ಕಲ್ಲು, ಚಾವಣಿಯ ಮೇಲೆ ಬೆಳೆದ ಗಿಡ, ಬುಡದಲ್ಲಿ ಬಿದ್ದ ಕಂಬದ ತುಂಡು, ಯಾವುದನ್ನೂ ಅವರು ಹೊರಗಿಟ್ಟಿಲ್ಲ.

ಅದರ ಬೆಲೆ ತಿಳಿಯಬೇಕಾದರೆ ಹೊಯ್ಸಳೇಶ್ವರದಿಂದ ನಡೆದು ಹೋಗುವಷ್ಟೇ ದೂರದಲ್ಲಿರುವ ಕೇದಾರೇಶ್ವರಕ್ಕೆ ಹೋಗಬೇಕು. ಇಮ್ಮಡಿ ಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ 1219ರ ಸುಮಾರಿಗೆ ಕಟ್ಟಿಸಿದ ಗುಡಿ. ಅಂದಗಾರಿಕೆಯಲ್ಲಿ ಹೊಯ್ಸಳ ಗುಡಿಗಳ ಪೈಕಿ ಇದಕ್ಕೇ ಮೊದಲ ಮಣೆ ಹಾಕಿದವರಿದ್ದಾರೆ. ಇವತ್ತು ಅದಕ್ಕೆ ಶಿಖರವಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಇತ್ತು. ಶಿಖರದ ಸಂದಿಯಲ್ಲಿ ಆಲದ ಸಸಿಯೊಂದು ಬೇರೂರಿ, ಬೆಳೆದು, ಕಲ್ಲುಗಳನ್ನು ಒಂದೊಂದಾಗಿ ತಳ್ಳುತ್ತ ಬಂತು. ಕೊನೆಗೆ ಗುಡಿ ಕುಸಿಯಿತು, ಮೂರ್ತಿಗಳು ಬೇರೆಡೆ ಹೋದವು, ಆಮೇಲೆ ಉಳಿದ ಕಲ್ಲುಗಳಿಂದ ಗೋಡೆಗಳನ್ನು ಮತ್ತೆ ಕಟ್ಟಿದರು. ಶಿಖರ ಹೇಗಿತ್ತು, ಅದರ ಅಂತಸ್ತುಗಳ ಇಳಿಜಾರು ಎಷ್ಟಿತ್ತು ಎಂಬುದು ಇಂದು ನಮಗೆ ತಿಳಿಯುವುದು ಆ ಕಾಲದ ಫೋಟೋಗಳಿಂದ, ಮತ್ತು ಫೋಟೋ ನೋಡಿ ಫರ್ಗುಸನ್ ತನ್ನ ಪುಸ್ತಕಕ್ಕೆ ಮಾಡಿಸಿಕೊಂಡ ಅಚ್ಚಿನ ಚಿತ್ರದಿಂದ. ಆ ಛಾಯಾಗ್ರಾಹಕರು ಗೋಡೆಯ ಒಂದು ಚೆಲುವಾದ ಮೂರ್ತಿಯನ್ನು ಮಾತ್ರ ಹಿಡಿದು ತೃಪ್ತರಾಗಿದ್ದರೆ ಕೇದಾರೇಶ್ವರದ ಶಿಖರ ನಮ್ಮ ನೆನಪಿನಿಂದಲೂ ಅಳಿದುಹೋಗುತ್ತಿತ್ತು.

ಇದೇ ಫೋಟೋಗಳಿಂದ ಒಂದು ಬಗೆಯ ಹಾನಿಯೂ ಆಯಿತು ಎಂದು ನನ್ನ ಅನಿಸಿಕೆ. 1876ರಲ್ಲಿ ಫರ್ಗುಸನ್ ಭಾರತದ ವಾಸ್ತುಶಿಲ್ಪದ ಚರಿತ್ರೆ ಬರೆದಾಗ ಅವನ ಕೈಯಲ್ಲಿ ಸಾವಿರಾರು ಫೋಟೋಗಳ ಸಂಗ್ರಹವಿತ್ತು. ಅವನು ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಜತೆ ಪಕ್ಕಪಕ್ಕ ಇಟ್ಟು ತೂಗಿದ. ಎರಡೂ ತಮ್ಮ ತಮ್ಮ ದಾರಿಯಲ್ಲಿ ತುತ್ತತುದಿ ಮುಟ್ಟಿದವು. ಪಾರ್ಥೆನಾನ್ ಬುದ್ಧಿಯ ಶಿಸ್ತಿಗೆ ಮಾದರಿ, ಹಳೇಬೀಡು ಭಾವದ, ನಂಬಿಕೆಯ ಸಮೃದ್ಧಿಗೆ ಮಾದರಿ ಎಂಬರ್ಥದ ತೀರ್ಮಾನ ಅವನದು. ಹೊಗಳಿಕೆಯೇ ಹೌದು. ಆದರೆ ಅದರಲ್ಲಿ ಒಂದು ಕೊರತೆ ಇದೆ. ಹಳೇಬೀಡಿನ ಬುದ್ಧಿ ಇರುವುದು ಅದರ ತಳವಿನ್ಯಾಸದಲ್ಲಿ. ಕೋನಗಳ ಗಣಿತದಲ್ಲಿ, ಕೆಳಗಿನ ಪಟ್ಟಿಕೆಯ ತಿರುವಿಗೂ ಮೇಲಿನ ಮೂರ್ತಿಯ ನಿಲುವಿಗೂ ಇರುವ ಹೊಂದಾಣಿಕೆಯಲ್ಲಿ, ಗೋಡೆಯ ಪ್ರತಿ ಮುಖವನ್ನೂ ಪುಟ್ಟ ಪುಟ್ಟ ಗುಡಿಗಳ ಜೋಡಣೆಯಂತೆ ರೂಪಿಸಿದ ಕ್ರಮದಲ್ಲಿ. ಇದು ಬಿಡಿ ಚಿತ್ರಕ್ಕೆ ಸಿಗುವುದಿಲ್ಲ. ಬಿಡಿ ಚಿತ್ರ ನೋಡಿದವರಿಗೆ ಕೆತ್ತನೆಯ ಸಮೃದ್ಧಿಯೇ ಕಾಣುತ್ತದೆ. ಆಮೇಲಿನ ನೂರು ವರ್ಷ ಹೊಯ್ಸಳರ ಕಲೆ ಎಂದರೆ ಅತಿಯಾದ ಅಲಂಕಾರ, ಅಕ್ಕಸಾಲಿಯ ಕುಸುರಿ ಎಂಬ ಮಾತೇ ಪಠ್ಯಪುಸ್ತಕಗಳಲ್ಲಿ ಉಳಿದುಬಂತು. ಕಟ್ಟಡದ ಕಡೆ ಕಣ್ಣು ತಿರುಗಿಸಲು ಮತ್ತೆ ಯಾರಾದರೂ ಬರಬೇಕಾಯಿತು. ಡಚ್ಚರ ನಾಡಿನ ಗೆರಾರ್ಡ್ ಫೂಕೆಮಾ 1990ರ ದಶಕದಲ್ಲಿ ಹೊಯ್ಸಳ ಗುಡಿಗಳನ್ನು ಊರೂರು ಸುತ್ತಿ ಫೋಟೋ ತೆಗೆದು ಬರೆದಾಗ, ಮೂರ್ತಿಗಿಂತ ಮೊದಲು ಗೋಡೆಯ ಕಟ್ಟೋಣವನ್ನು ಓದಲು ಕಲಿಸಿದರು. ಅದೇ ಹೊತ್ತಿಗೆ ಇತಿಹಾಸಕಾರ ಷ. ಶೆಟ್ಟರ್ ಆ ಗುಡಿಗಳ ಶಾಸನ, ಶಿಲ್ಪಿ, ಶಿಲ್ಪಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಫೂಕೆಮಾ ಅವರ ಕೈಯಲ್ಲಿದ್ದುದೂ ಕ್ಯಾಮೆರಾವೇ. ನಿಂತ ಜಾಗ ಮಾತ್ರ ಬೇರೆ: ನಾಲ್ಕು ಹೆಜ್ಜೆ ಹಿಂದೆ.

ಆ ನಾಲ್ಕು ಹೆಜ್ಜೆ ಹಿಂದೆ ಸರಿಯದಿದ್ದರೆ ನಷ್ಟವಾಗುವುದರಲ್ಲಿ ನನಗೆ ಅತ್ಯಂತ ನೋವು ತರುವುದು ಪೀಠ. ಹೊಯ್ಸಳ ಶಿಲ್ಪಿಗಳು ಭಾರತದ ಬೇರೆಡೆಯ ಶಿಲ್ಪಿಗಳಷ್ಟು ಅನಾಮಿಕರಲ್ಲ. ಮೂರ್ತಿಯ ಕಾಲಡಿ, ಪೀಠದ ಅಂಚಿನಲ್ಲಿ, ಹಳಗನ್ನಡದ ಕಾಲದ ದುಂಡನೆಯ ಅಕ್ಷರಗಳಲ್ಲಿ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಹಳೇಬೀಡಿನಲ್ಲಿ ಮಾಬಲ, ಬಲ್ಲಣ, ಬೋಚನ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಕೆಲವರು ಬರೀ ಹೆಸರು ಬರೆದರೆ ಕೆಲವರು ಊರು, ತಂದೆಯ ಹೆಸರು, ಬಿರುದನ್ನೂ ಸೇರಿಸಿದ್ದಾರೆ. ಎಂಟು ಒಂಬತ್ತು ನೂರು ವರ್ಷ ಹಿಂದಿನ ಕೆಲಸಗಾರನೊಬ್ಬ ನಮಗೆ ಓದಲು ಬರುವ ನುಡಿಯಲ್ಲಿ, ಸ್ವಲ್ಪ ಅಭ್ಯಾಸ ಮಾಡಿಕೊಂಡರೆ ಓದಲು ಬರುವ ಲಿಪಿಯಲ್ಲಿ, ತನ್ನ ಹೆಸರು ಹೇಳುತ್ತಿದ್ದಾನೆ. ನಾವೋ ಮಂಡಿಯಿಂದ ಮೇಲೆ ಫೋಟೋ ತೆಗೆದು ಆ ಸಾಲನ್ನು ಕತ್ತರಿಸುತ್ತೇವೆ.

ಇದರ ಪರಿಣಾಮ ನಮ್ಮ ಜನಪ್ರಿಯ ತಿಳಿವಳಿಕೆಯಲ್ಲೇ ಇದೆ. ಈ ಗುಡಿಗಳನ್ನು ಕಟ್ಟಿದ್ದು ಯಾರು ಎಂದು ಪ್ರವಾಸಕ್ಕೆ ಬಂದ ಯಾವ ಹುಡುಗನನ್ನು ಕೇಳಿದರೂ ಜಕಣಾಚಾರಿ ಎನ್ನುತ್ತಾನೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಆ ಶಿಲ್ಪಿಯ ಐತಿಹ್ಯವನ್ನು ಬಣ್ಣದಲ್ಲಿ ಮನೆಮನೆಗೆ ಮುಟ್ಟಿಸಿತು. ಪೂರ್ಣಪ್ರಮಾಣದ ಮೊದಲ ವರ್ಣಮಯ ಕನ್ನಡ ಸಿನಿಮಾ ಅದು. ಐತಿಹ್ಯಕ್ಕೆ ಅದರದೇ ಚೆಲುವಿದೆ, ಅದನ್ನು ಅಳಿಸಬೇಕಿಲ್ಲ. ಆದರೆ ಒಬ್ಬ ಮಹಾಪುರುಷನ ಹೆಸರಿನ ಹಿಂದೆ ಹತ್ತಾರು ನಿಜವಾದ ಕೆಲಸಗಾರರ ಹೆಸರು ಮರೆಯಾಗುವುದು ನ್ಯಾಯವಲ್ಲ, ಅದೂ ಆ ಹೆಸರುಗಳು ಕಣ್ಣೆದುರಿಗೇ ಕಲ್ಲಿನಲ್ಲಿ ಇರುವಾಗ. ಪೀಠ ಸೇರಿಸಿ ತೆಗೆದ ಫೋಟೋವನ್ನು ಮನೆಗೆ ಬಂದು ದೊಡ್ಡದು ಮಾಡಿ ನೋಡಿ. ಅಕ್ಷರ ಕಂಡರೆ ಬಲ್ಲವರಿಗೆ ಕಳಿಸಿ ಓದಿಸಿ. ಒಂದು ಹೆಸರು ಓದಿಸಿಕೊಂಡ ಮಗು ಆ ಗುಡಿಯನ್ನು ಮತ್ತೆ ಮೊದಲಿನಂತೆ ನೋಡಲಾರದು.

ಬೇಲೂರಿನ ಮದನಿಕೆಯರ ವಿಷಯದಲ್ಲೂ ಇದೇ ಮಾತು. ದರ್ಪಣಸುಂದರಿಯಷ್ಟು ಫೋಟೋಗೆ ಸಿಕ್ಕ ಹೆಣ್ಣು ಕನ್ನಡ ನಾಡಿನಲ್ಲಿ ಇನ್ನೊಬ್ಬಳಿಲ್ಲ ಎನ್ನಬಹುದು. ಜೂಮ್ ಹಾಕಿ ತೆಗೆದ ಚಿತ್ರದಲ್ಲಿ ಅವಳು ನಮ್ಮ ಮುಖದ ಮಟ್ಟಕ್ಕೆ ಬಂದು ನಿಲ್ಲುತ್ತಾಳೆ. ನಿಜದಲ್ಲಿ ಅವಳಿರುವುದು ನಮ್ಮ ತಲೆಯ ಮೇಲೆ, ಕಂಬಕ್ಕೂ ಸೂರಿಗೂ ನಡುವೆ, ಮುಂದಕ್ಕೆ ಬಾಗಿ. ಸೂರಿನ ನೆರಳು ಅವಳ ಮೇಲೆ ಬೀಳುವ ರೀತಿ, ಅಗಲವಾಗಿ ಚಾಚಿದ ಆ ಕಲ್ಲಿನ ಸೂರಿನ ಕೆಳಗೆ ಅವಳ ಮೈ ಓರೆಯಾಗಿ ಹೊಂದಿಕೊಂಡಿರುವ ರೀತಿ, ಇವು ಚಿತ್ರದಲ್ಲಿ ಬಾರದಿದ್ದರೆ ಆ ಬಾಗು ಏಕೆ ಎಂಬುದೇ ತಿಳಿಯದು. ಡಿ.ವಿ.ಜಿ. ಈ ಮದನಿಕೆಯರನ್ನು ಕುರಿತು ಹಾಡು ಕಟ್ಟಿದಾಗ ಅವರನ್ನು ಆ ಗುಡಿಯ ದೇವರಾದ ಚೆನ್ನಕೇಶವನ ಅಂತಃಪುರದವರೆಂದು ಕಂಡರು. ಒಬ್ಬೊಬ್ಬಳಿಗೂ ಬೇರೆ ಹಾಡು ಉಂಟು, ಆದರೆ ಎಲ್ಲರೂ ಒಂದೇ ಮನೆಯವರು. ಕ್ಯಾಮೆರಾ ಹಿಡಿದವರಿಗೂ ಆ ಮನೆ ಕಾಣಬೇಕು.

ಬೆಳಕಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇಲ್ಲಿನ ಕಲ್ಲಿಗೆ ಬೆಳಕೇ ಪ್ರಾಣ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಆಭರಣದ ಎಳೆಯ ಹಿಂದೆಯೂ ಉಳಿ ಆಡಿಸಿ ಟೊಳ್ಳು ಮಾಡಲು ಶಿಲ್ಪಿಗೆ ಸಾಧ್ಯವಾಯಿತು. ಆ ಟೊಳ್ಳಿನೊಳಗಿನ ಕತ್ತಲು ಕೆತ್ತನೆಯ ಭಾಗವೇ. ಓರೆ ಬಿಸಿಲಿನಲ್ಲಿ ಹಾರದ ಒಂದೊಂದು ಮಣಿಯೂ ಎದೆಯ ಮೇಲೆ ತನ್ನ ನೆರಳು ಚೆಲ್ಲುತ್ತದೆ. ಈಗಿನ ಮೊಬೈಲ್ ಕ್ಯಾಮೆರಾಗಳು ತಾವಾಗಿಯೇ ನೆರಳನ್ನು ಬೆಳಗಿಸಿ, ಕಲ್ಲಿನ ಒರಟನ್ನು ನುಣ್ಣಗೆ ಮಾಡಿಬಿಡುತ್ತವೆ. ಚಿತ್ರ ಹೊಳೆಯುತ್ತದೆ, ಕೆತ್ತನೆಯ ಆಳ ಹೋಗುತ್ತದೆ. ಎದುರಿನಿಂದ ಹಾಕಿದ ಫ್ಲಾಶ್ ಇನ್ನೂ ಕೆಟ್ಟದು. ಒಳಗೆ, ಜಾಲಂಧ್ರಗಳಿಂದ ಸೋಸಿ ಬರುವ ಮಂದ ಬೆಳಕಿನ ನವರಂಗದಲ್ಲಿ, ಕಡೆದು ನುಣುಪು ಮಾಡಿದ ಕಂಬಗಳನ್ನು ರಾತ್ರಿ ಮೋಡಿನಲ್ಲಿ ಹಗಲಿನಂತೆ ಬೆಳಗಿಸಿ ತೆಗೆದ ಚಿತ್ರ ಆ ಜಾಗದ ಬಗ್ಗೆ ಸುಳ್ಳು ಹೇಳುತ್ತದೆ. ಅಲ್ಲಿ ಕತ್ತಲನ್ನು ಕಟ್ಟಿದವರು ಬೇಕೆಂದೇ ಕಟ್ಟಿದ್ದಾರೆ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಮ್ಮ ನೆರಳೇ ಕಾಣುವಷ್ಟು ಹೊಳಪಿದೆ. ಆ ಹೊಳಪಿಗೂ ಸುತ್ತಲ ಮಬ್ಬು ಬೇಕು. ಮಳೆಗಾಲದಲ್ಲಿ ಹೋದವರು ಇನ್ನೊಂದು ಹಳೇಬೀಡನ್ನು ಕಾಣುತ್ತಾರೆ, ನೆಂದ ಕಲ್ಲು ಕಪ್ಪಾಗಿ ಪಟ್ಟಿಕೆಗಳೆಲ್ಲ ಒಂದರೊಳಗೊಂದು ಕೂಡಿಕೊಂಡಾಗ. ಅದೂ ತೆಗೆಯಬೇಕಾದ ಚಿತ್ರವೇ.

ನನ್ನ ವಾದಕ್ಕೆ ಎದುರಾಗಿ ಕೇಳಬಹುದಾದ ಮಾತುಗಳಿವೆ. ಪ್ರವಾಸಿ ಪುರಾತತ್ವಜ್ಞನಲ್ಲ; ಅವನ ಖುಷಿಗೆ ಅವನು ತೆಗೆದುಕೊಳ್ಳುತ್ತಾನೆ; ದಾಖಲೆಯ ಕೆಲಸಕ್ಕೆ ಇಲಾಖೆಗಳಿವೆ. ಖುಷಿಯ ಮಾತನ್ನು ಒಪ್ಪುತ್ತೇನೆ. ಹೆಂಡತಿ ಮಕ್ಕಳನ್ನು ನಂದಿಮಂಟಪದ ಮುಂದೆ ನಿಲ್ಲಿಸಿ ತೆಗೆದ ಫೋಟೋಗೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾವ ನೆಪವೂ ಬೇಕಿಲ್ಲ. ಇಲಾಖೆಯ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾರೆ. ಹಳೆಯ ಮೈಸೂರು ಪುರಾತತ್ವ ಇಲಾಖೆ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿತು, ಆರ್. ನರಸಿಂಹಾಚಾರ್ ಅವರು ಸೋಮನಾಥಪುರದ ಬಗ್ಗೆ 1917ರಲ್ಲಿ, ಬೇಲೂರಿನ ಬಗ್ಗೆ 1919ರಲ್ಲಿ ಹೊರತಂದ ಸಚಿತ್ರ ಪುಸ್ತಕಗಳು, ಇಲಾಖೆಯ ವಾರ್ಷಿಕ ವರದಿಗಳು ಇಂದಿಗೂ ಆಧಾರ. ಆದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಹಳ್ಳಿಯಲ್ಲಿರುವ ಗುಡಿಗಳನ್ನು, ಬಯಲಲ್ಲಿ ನಿಂತ ವೀರಗಲ್ಲುಗಳನ್ನು, ಕೆರೆ ಏರಿಯ ಶಾಸನಗಳನ್ನು ವರ್ಷ ವರ್ಷ ಹೋಗಿ ನೋಡಿ ಚಿತ್ರ ತೆಗೆಯುವಷ್ಟು ಕೈಗಳು ಯಾವ ಇಲಾಖೆಗೂ ಇಲ್ಲ.

ದೊಡ್ಡಗದ್ದವಳ್ಳಿಯ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕುಲ್ಲಹಣ ರಾಹುತ ಎಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯ ಅದು. ಕೆರೆಯ ದಂಡೆ, ತೆಂಗಿನ ತೋಟ, ಬರುವವರು ಕಡಿಮೆ. 2020ರ ನವೆಂಬರಿನಲ್ಲಿ ಅಲ್ಲಿನ ಕಾಳಿಯ ವಿಗ್ರಹ ಒಡೆದು ಬಿದ್ದಿರುವುದು ಕಂಡುಬಂತು. ಆಮೇಲೆ ಪುರಾತತ್ವ ಸರ್ವೇಕ್ಷಣ ಇಲಾಖೆ ತುಂಡುಗಳನ್ನು ಕೂಡಿಸಿ ಮತ್ತೆ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಮೊದಲು ಬೇಕಾಗುವುದು ಒಡೆಯುವ ಮುನ್ನ ಮೂರ್ತಿ ಹೇಗಿತ್ತು ಎಂಬುದರ ಚಿತ್ರ: ಮುಂದಿನಿಂದ, ಪಕ್ಕದಿಂದ, ಕೈಗಳಲ್ಲಿ ಹಿಡಿದದ್ದೇನು, ಬೆರಳು ಯಾವ ಕಡೆ ಬಾಗಿತ್ತು. ಕಳವಿನ ವಿಷಯಕ್ಕೆ ಬಂದರೆ ಹಳೆಯ ಫೋಟೋ ಇನ್ನೂ ದೊಡ್ಡ ಸಾಕ್ಷಿ. ತಮಿಳುನಾಡಿನ ಶ್ರೀಪುರಂದಾನ್‌ನ ನಟರಾಜ, ವೃದ್ಧಾಚಲಂನ ಅರ್ಧನಾರೀಶ್ವರ ಕಳ್ಳಸಾಗಣೆಯಾಗಿ ಆಸ್ಟ್ರೇಲಿಯದ ಸಂಗ್ರಹಾಲಯಗಳಿಗೆ ಸೇರಿದ್ದವು. 2014ರಲ್ಲಿ ಅವು ಭಾರತಕ್ಕೆ ಮರಳುವಂತಾಗಲು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದಶಕಗಳ ಹಿಂದೆ ಆ ಗುಡಿಗಳಲ್ಲೇ ತೆಗೆದಿಟ್ಟಿದ್ದ ಫೋಟೋಗಳು ನೆರವಾದವು. ಆ ಚಿತ್ರಗಳಲ್ಲಿ ಕಲಾತ್ಮಕತೆ ಏನೂ ಇರಲಿಲ್ಲ. ಮೂರ್ತಿ ಯಾವ ಗುಡಿಯದು ಎಂಬುದು ಇತ್ತು, ಅಷ್ಟು ಸಾಕಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಿದ್ದಾರೆ. ಫೋಟೋಗಾಗಿ ಹತ್ತಿರ ಹೋಗಿ ಎಂದು ಹೇಳಿದರೆ ಒರಗುವ ಬೆನ್ನು, ಮುಟ್ಟುವ ಕೈ ಇನ್ನೂ ಹೆಚ್ಚುವುದಿಲ್ಲವೇ? ಈ ಭಯ ನನಗೂ ಇದೆ. ಆನೆಯ ಪಟ್ಟಿಕೆಯ ಮೇಲೆ ಕಾಲಿಟ್ಟು ನಿಂತು ಪೋಸ್ ಕೊಡುವವರನ್ನು ಕಂಡು ಕಾವಲುಗಾರರು ಸೀಟಿ ಊದಿ ದಣಿಯುತ್ತಾರೆ. ಆದರೆ ನಾನು ಕೇಳುತ್ತಿರುವ ಫೋಟೋಗೆ ಹತ್ತಿರ ಹೋಗುವ ಅಗತ್ಯವೇ ಕಡಿಮೆ. ಗೋಡೆ ಪೂರ್ತಿ ಬರಬೇಕಾದರೆ ಜಗತಿಯಿಂದ ಇಳಿದು ಹುಲ್ಲಿನ ಮೇಲೆ ನಿಲ್ಲಬೇಕು. ಟ್ರೈಪಾಡಿಗೆ, ಡ್ರೋನಿಗೆ ಮುಂಗಡ ಅನುಮತಿ ಬೇಕೆಂಬ ನಿಯಮ ಸರಿಯಾಗಿಯೇ ಇದೆ. ಕೈಯಲ್ಲಿ ಹಿಡಿದ ಮೊಬೈಲಿಗೆ ಅದರ ಗೊಡವೆಯಿಲ್ಲ. ಮದುವೆಗೆ ಮುಂಚಿನ ಫೋಟೋಶೂಟುಗಳನ್ನು ಗುಡಿಯ ಆವರಣದಿಂದ ದೂರ ಇಡುವುದೂ ನನಗೆ ಒಪ್ಪಿಗೆ. ಇನ್ನು ಬೇಲೂರಿನ ಗರ್ಭಗುಡಿಯಂಥ, ಪೂಜೆ ನಡೆಯುವ ಜಾಗದಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಕೈಮುಗಿದು ನಿಂತ ಅಜ್ಜಿಯ ಮುಖಕ್ಕೆ ಲೆನ್ಸ್ ಹಿಡಿಯುವ ಹಕ್ಕು ಯಾರಿಗೂ ಇಲ್ಲ, ಬಸದಿಯಲ್ಲಿ ಧ್ಯಾನಕ್ಕೆ ಕೂತವರ ವಿಷಯದಲ್ಲೂ ಅಷ್ಟೇ.

ಹೀಗೆ ತೆಗೆದ ಚಿತ್ರಗಳು ನಮ್ಮ ಮೊಬೈಲಿನಲ್ಲೇ ಕೊಳೆತರೆ ಪ್ರಯೋಜನವಿಲ್ಲ. 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಶುರುವಾದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಸ್ಪರ್ಧೆ ಇವತ್ತು ಹಲವು ದೇಶಗಳ ಸಾಮಾನ್ಯ ಜನರಿಂದ ತಮ್ಮೂರಿನ ಸ್ಮಾರಕಗಳ ಚಿತ್ರಗಳನ್ನು ಮುಕ್ತವಾಗಿ ಕೂಡಿಹಾಕುತ್ತಿದೆ. ತಾರೀಖು, ಊರು, ಗೋಡೆ ಯಾವ ದಿಕ್ಕಿನದು ಎಂಬ ಮೂರು ಮಾತು ಬರೆದು ಅಲ್ಲಿ ಹಾಕಿದ ಸಾಧಾರಣ ಚಿತ್ರವೊಂದು, ಬಣ್ಣ ಏರಿಸಿ ವಾಟ್ಸ್ಯಾಪಿನಲ್ಲಿ ಕಳಿಸಿದ ನೂರು ಚಿತ್ರಗಳಿಗಿಂತ ಹೆಚ್ಚು ಬಾಳುತ್ತದೆ. ಶಾಲಾ ಪ್ರವಾಸದಲ್ಲಿ ಮೇಷ್ಟ್ರುಗಳು ಮಕ್ಕಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ 'ಈ ಕೋನದಿಂದ ಆ ಕೋನದವರೆಗೆ ನಿಮ್ಮದು' ಎಂದು ಗೋಡೆಯ ಒಂದೊಂದು ಭಾಗ ಹಂಚಿಕೊಟ್ಟರೆ, ಒಂದು ಮಧ್ಯಾಹ್ನದಲ್ಲಿ ಪಡುವಣ ಗೋಡೆ ಪೂರ್ತಿ ಬಂದೀತು. ಓಕ್ಲಿಗೆ ಎಷ್ಟೋ ದಿನ ಹಿಡಿದ ಕೆಲಸ ಅದು.

ಹಳೇಬೀಡಿನಲ್ಲೇ ಕ್ಯಾಮೆರಾ ಕಾಯುತ್ತಿರುವ ಜಾಗಗಳು ಬೇಕಾದಷ್ಟಿವೆ. ಗುಡಿಯ ಬಳಿ ನಿಂತ ಕುವರ ಲಕ್ಷ್ಮನ ಗರುಡಗಂಬವನ್ನು ಬಹಳ ಜನ ಬರೀ ಕಂಬವೆಂದು ದಾಟಿ ಹೋಗುತ್ತಾರೆ. ಇಮ್ಮಡಿ ಬಲ್ಲಾಳನಿಗೆ ಜೀವ ಒಪ್ಪಿಸಿದ ಮಂತ್ರಿಯ, ಅವನ ಹೆಂಡತಿಯ, ಅವನ ಪರಿವಾರದ ನೆನಪಿನ ಕಂಬ ಅದು; ಕತ್ತಿ ಹಿಡಿದು ತಮ್ಮ ತಲೆಯನ್ನೇ ಕಡಿದುಕೊಳ್ಳುವ ಗಂಡಾಳುಗಳ ಸಣ್ಣ ಕೆತ್ತನೆಗಳು ಕಣ್ಣೆತ್ತಿ ನೋಡಿದವರಿಗೆ ಮಾತ್ರ ಕಾಣುತ್ತವೆ, ಮತ್ತು ಅದರ ಶಾಸನ ನಡುವಿನಲ್ಲೇ ನಿಂತುಹೋಗಿದೆ. ನಾಗರೇಶ್ವರದ ಉತ್ಖನನದ ಜಾಗದಲ್ಲಿ ಹಾಳುಬಿದ್ದ ಗುಡಿಗಳ ತಳಪಾಯಗಳು ಬಿಸಿಲಿಗೆ ಬಿದ್ದಿವೆ. ಹೊರವಲಯಕ್ಕೆ ಹೋದರೆ ಜಾವಗಲ್ಲು, ಬೆಳವಾಡಿ, ಹಾರನಹಳ್ಳಿ.

ಮತ್ತು ಅರಸೀಕೆರೆ. ರೈಲು ಬದಲಿಸುವ ಊರು ಎಂದಷ್ಟೇ ಎಷ್ಟೋ ಜನಕ್ಕೆ ಅದರ ಪರಿಚಯ. 1220ರ ಸುಮಾರಿನ ಅಲ್ಲಿನ ಈಶ್ವರ ಗುಡಿಗೆ ನಕ್ಷತ್ರಾಕಾರದ ಗರ್ಭಗುಡಿಯ ಜತೆಗೆ ನಕ್ಷತ್ರಾಕಾರದ್ದೇ ತೆರೆದ ಮುಖಮಂಟಪವೂ ಇದೆ. ಮಂಟಪದ ಮೇಲೆ ಗುಮ್ಮಟದಂತೆ ಮೇಲೇರುವ ಕಲ್ಲಿನ ಚಾವಣಿ. ಹೊಯ್ಸಳರ ಬೇರೆ ಗುಡಿಗಳಲ್ಲಿ ಇಂಥದ್ದು ಅಪರೂಪ. ಒಂದು ಮೂರ್ತಿಯ ಚಿತ್ರ ತೆಗೆದು ಇದನ್ನು ತೋರಿಸಲು ಆಗುವುದೇ ಇಲ್ಲ. ಮಂಟಪವನ್ನು ಹೊರಗಿನಿಂದ ಒಂದು ಸುತ್ತು ಬರಬೇಕು, ಒಳಗೆ ಬಂದು ನಡುವೆ ನಿಂತು ಮೇಲೆ ನೋಡಬೇಕು, ಕಂಬದ ಸಾಲು ಚಾವಣಿಯ ಬಳೆಯನ್ನು ಎಲ್ಲಿ ಹೊರುತ್ತದೆ ಎಂದು ಹುಡುಕಬೇಕು, ಆಮೇಲೆ ಪಕ್ಕಕ್ಕೆ ಸರಿದು ಮತ್ತೊಂದು ಚಿತ್ರ ತೆಗೆಯಬೇಕು. ರೈಲಿಗೆ ಎರಡು ಗಂಟೆ ಇದ್ದರೆ ನಿಲ್ದಾಣದಲ್ಲಿ ಕೂರುವ ಬದಲು ಅಲ್ಲಿಗೆ ಹೋಗಿಬನ್ನಿ, ಚಾವಣಿಯ ಚಿತ್ರದ ಜತೆ ಕಂಬದ ಬುಡದ್ದೂ ಒಂದು ತೆಗೆದುಕೊಳ್ಳಿ.